‘ರೋಗನೇ ಇರಲಿಲ್ಲ ಅಂತಾರ, ಹಂಗಾದ್ರ ನಮ್ಮವ್ವ ಯಾಕ ಹೋದಳು?’

ಪ್ರಶ್ನೆ: ನಾನು ಅಂದೋಲಾ ಕಡೆಯವನು. ಪುಣೆಯಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದೆ. 2020ರ ಮೇ ತಿಂಗಳಲ್ಲಿ ಊರಿಗೆ ಬಂದಾಗ ನಮ್ಮನ್ನು ಶಾಲೆಯಲ್ಲಿ ಕ್ವಾರಂಟೈನ್ ಇಟ್ಟರು. ‘ರೋಗ ಹೊತ್ಕೊಂಡು ಬಂದಾರ’ ಎಂದು ಓಣಿಯವರು ಮುಖ ತಿರುಗಿಸಿದರು. ಮರುವರ್ಷ ಅದೇ ಜನ ‘ಎಲ್ಲಾ ಸುಳ್ಳು’ ಅಂದರು. ಜಾತ್ರೆ ಆಗಲೇಬೇಕು ಎಂದು ನಮ್ಮ ಕಾಕಾ ಮುಂದೆ ನಿಂತರು. ಲಸಿಕೆ ಬೇಡವೆಂದು ಅವ್ವನಿಗೂ ಹೇಳಿದರು. ಆ ಮೇ ತಿಂಗಳಲ್ಲಿ ಅವ್ವನಿಗೆ ಜ್ವರ ಬಂತು, ವಾಸನೆ ಗೊತ್ತಾಗದಂತಾಯಿತು, ಐದನೇ ದಿನ ದಮ್ಮು ಹತ್ತಿತು. ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ಹೋದಳು. ಟೆಸ್ಟ್ ಮಾಡಿಸಿರಲಿಲ್ಲ. ಆ ವಾರ ನಾನೂ ಬೀಜ, ಗೊಬ್ಬರಕ್ಕೆಂದು ಜೇವರ್ಗಿಗೆ ಹೋಗಿದ್ದೆ. ಅವ್ವ ಹೋದ ಮೂರನೇ ದಿನ ಎಲ್ಲರೆದುರು ಕಾಕಾಗೆ ‘ನಮ್ಮವ್ವನ್ನ ಕೊಂದಾಂವ ನೀನೇ’ ಅಂದೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಈಗ ಕಾಕಾನ ಮಗಳ ಮದುವೆ ನಿಶ್ಚಯವಾಗಿದೆ. ಆ ತಂಗಿಯೇ ಬಂದು, ‘ಅಣ್ಣಾ, ಅಕ್ಕಿಕಾಳು ಬೀಳೋ ಹೊತ್ತಿಗೆ ನೀ ಇರಬೇಕು’ ಅಂದಳು. ಹೊಟೇಲಿನಲ್ಲಿ ಈಗಲೂ ‘ರೋಗನೇ ಇರಲಿಲ್ಲ’ ಅಂತಾರೆ, ನನ್ನನ್ನು ‘ಮಾಸ್ಕ್ ಮಾಸ್ತರ’ ಎಂದು ಕರೀತಾರೆ. ಜಗಳಾಡಿ ಬರುತ್ತೇನೆ. ನಿದ್ದೆ ಇಲ್ಲ. ಇತ್ತೀಚೆಗೆ ಕುಡಿಯುವುದೂ ಹೆಚ್ಚಾಗಿದೆ. ರೋಗವೇ ಇರದಿದ್ದರೆ ನಮ್ಮವ್ವ ಯಾಕೆ ಹೋದಳು?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಟೇಲಿನಲ್ಲಿ ಕೂತವರು ಮಾತಾಡುವುದು ಒಂದು ರೋಗದ ಬಗ್ಗೆ. ನಿಮಗೆ ಅದು ಅವ್ವನ ಸಾವನ್ನೇ ಅಲ್ಲಗಳೆದ ಹಾಗೆ ಕೇಳುತ್ತದೆ. ಆಕೆ ಐದು ದಿನ ಪಟ್ಟ ಸಂಕಟವನ್ನು ಕಣ್ಣಾರೆ ಕಂಡವರು ನೀವು. ಅದಕ್ಕೆ ಕಾರಣವೇ ಇರಲಿಲ್ಲ ಎಂದು ಯಾರಾದರೂ ಚಹಾ ಕುಡಿಯುತ್ತ ಹೇಳಿದರೆ ಸುಮ್ಮನೆ ಕೂರುವುದು ಯಾವ ಮಗನಿಗೂ ಸುಲಭವಲ್ಲ. ಸಾಲದ್ದಕ್ಕೆ ನಿಮ್ಮ ಕೈಯಲ್ಲಿ ಕಾಗದವೂ ಇಲ್ಲ. ಟೆಸ್ಟ್ ಇಲ್ಲ, ವರದಿ ಇಲ್ಲ. ಹಾಗಾಗಿ ಪ್ರತಿ ಸಲವೂ ನೀವೇ ಸಾಕ್ಷಿ ಹೇಳಬೇಕಾಗಿದೆ. ಇಷ್ಟು ವರ್ಷ ಒಬ್ಬರೇ ಸಾಕ್ಷಿ ಹೇಳುತ್ತ ಬಂದವರಿಗೆ ನಿದ್ದೆ ಬಾರದಿರುವುದು ಅಚ್ಚರಿಯಲ್ಲ.

ಕಾಗದ ಇಲ್ಲದವರು ನೀವೊಬ್ಬರೇ ಅಲ್ಲ. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ. ಸೌದಿ ಅರೇಬಿಯಾದಿಂದ ಮರಳಿದ್ದ 76 ವರ್ಷದ ಹಿರಿಯರು 2020ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಕೊರೊನಾ ಇತ್ತು ಎಂದು ಖಚಿತವಾದದ್ದು ಮಾರ್ಚ್ 12ಕ್ಕೆ, ಜೀವ ಹೋದ ಮೇಲೆ. ಅವರ ಸ್ಯಾಂಪಲ್ ಮೊದಲೇ ತೆಗೆಯದೆ ಹೋಗಿದ್ದರೆ ಅದನ್ನೂ ಊರು ವಯಸ್ಸಿನ ಸಾವು ಅಂದುಬಿಡುತ್ತಿತ್ತು. 2020 ಮತ್ತು 2021ರಲ್ಲಿ ಭಾರತದಲ್ಲಿ ಈ ಮಹಾಮಾರಿಯಿಂದ ಸುಮಾರು 47 ಲಕ್ಷ ಜನ ಸತ್ತಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ಅದೇ ಅವಧಿಗೆ ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ. ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. ರೋಗ ಎಷ್ಟು ದೊಡ್ಡದಿತ್ತು ಎಂಬ ತಕರಾರು ನಿಮ್ಮೂರ ಹೊಟೇಲಿನಲ್ಲಿ ಹುಟ್ಟಿದ್ದಲ್ಲ, ಅಲ್ಲಿ ಮುಗಿಯುವಂಥದ್ದೂ ಅಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು. ಟೆಸ್ಟ್ ಇಲ್ಲದೆ ಕಾಗದದ ಮೇಲೆ ಖಚಿತ ಮಾಡುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಎರಡನೇ ಅಲೆ ಉಕ್ಕುತ್ತಿದ್ದ 2021ರ ಮೇ ತಿಂಗಳು, ಜ್ವರ, ವಾಸನೆ ಹೋದದ್ದು, ಐದನೇ ದಿನ ದಮ್ಮು. ಇವಿಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ನಿಮ್ಮ ನಂಬಿಕೆಯನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ. ರೋಗ ಇತ್ತು. ಲಸಿಕೆ ಜೀವ ಉಳಿಸಿತು. ಇದನ್ನು ಯಾರ ಸಮಾಧಾನಕ್ಕಾಗಿಯೂ ನೀವು ಬಿಟ್ಟುಕೊಡಬೇಕಿಲ್ಲ.

ಹಾಗಿದ್ದರೆ ಊರು ಯಾಕೆ ನಂಬಲಿಲ್ಲ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ಊರೆಂದರೆ ಹಟಮಾರಿಗಳ ಗುಂಪಿನಂತೆ ಕಾಣುತ್ತದೆ. 2020ರ ಏಪ್ರಿಲ್‌ನಲ್ಲಿ ಚಿತ್ತಾಪುರ ತಾಲ್ಲೂಕಿನ ರಾವೂರಿನಲ್ಲಿ ಲಾಕ್‌ಡೌನ್ ನಡುವೆಯೇ ತೇರು ಎಳೆದದ್ದಕ್ಕೆ ಪೊಲೀಸ್ ಕೇಸಾಯಿತು. ಆ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಜೇವರ್ಗಿ, ಅಫಜಲಪುರದ ಹಳ್ಳಿಗಳಿಗೆ ನೀರು ಹೊಕ್ಕಾಗ, ದೂರ ದೂರ ಇರಿ ಎಂದು ಕೇಳಿಸಿಕೊಂಡಿದ್ದ ಜನವೇ ಕಾಳಜಿ ಕೇಂದ್ರಗಳಲ್ಲಿ ಒಟ್ಟಿಗೆ ಇರಬೇಕಾಯಿತು. ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. 2021ರ ಏಪ್ರಿಲ್ 17ಕ್ಕೆ ಪಕ್ಕದ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ರಾಯಚೂರಿನ ಮಸ್ಕಿಯಲ್ಲಿ ಉಪಚುನಾವಣೆ. ಅದಕ್ಕೂ ಮುಂಚಿನ ವಾರಗಳಲ್ಲಿ ಪ್ರಚಾರಕ್ಕೆ ಜನ ಸೇರಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ‘ಅವರ ಸಭಾಕ್ಕ ಬರದ ರೋಗ ನಮ್ಮ ಜಾತ್ರಿಗೆ ಅಷ್ಟೇ ಬರ್ತದೇನು?’ ಎಂದು ಕೇಳಿದವರನ್ನು ಮೂರ್ಖರು ಅನ್ನಲಾರೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ಕೊಡಲಿಲ್ಲ. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರವನ್ನು ಮೊದಲು 4ರಿಂದ 6 ವಾರ ಅಂದರು, ಆಮೇಲೆ 6ರಿಂದ 8, ಮೇ ತಿಂಗಳಲ್ಲಿ 12ರಿಂದ 16 ಅಂದರು. ಹೊಸ ರೋಗದ ಬಗ್ಗೆ ತಿಳಿವಳಿಕೆ ಬೆಳೆದಂತೆ ಸಲಹೆ ಬದಲಾಗುವುದು ವಿಜ್ಞಾನದ ರೀತಿ. ಆದರೆ ಕೂರಿಸಿಕೊಂಡು ಅದನ್ನು ತಿಳಿಸಿ ಹೇಳುವವರಿಲ್ಲದ ಹಳ್ಳಿಗೆ ಅದು ಮಾತು ತಪ್ಪಿದ ಹಾಗೆ ಕಂಡಿತು.

ರೋಗದ ಸ್ವಭಾವವೂ ಜನರನ್ನು ಒಡೆಯುವಂಥದ್ದೇ ಆಗಿತ್ತು. ಮೈಯಲ್ಲಿ ಏನೂ ಇಲ್ಲದವನೂ ಅದನ್ನು ಹರಡಬಲ್ಲವನಾಗಿದ್ದ. ಒಂದು ಮನೆಯಲ್ಲಿ ಎಲ್ಲರಿಗೂ ಎರಡು ದಿನ ಮೈಕೈ ನೋವು ಬಂದು ಹೋಯಿತು, ಪಕ್ಕದ ಮನೆಯಲ್ಲಿ ಹಿರಿಯರು ಹೋದರು. ಎರಡು ಮನೆಯವರೂ ತಾವು ಕಂಡದ್ದನ್ನೇ ಹೇಳಿದರು. ನಂಬದಿರಲು ಜನರಿಗೆ ಕಾರಣಗಳಿದ್ದವು, ಆದರೂ ಅವರು ನಂಬಿದ್ದು ತಪ್ಪಾಗಿತ್ತು. ಈ ಎರಡನ್ನೂ ಮನಸ್ಸಿನಲ್ಲಿ ಒಟ್ಟಿಗೆ ಇಟ್ಟುಕೊಳ್ಳಲು ನಿಮ್ಮಿಂದ ಸಾಧ್ಯವಾದರೆ ಊರಿನ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಊರಿಗಿಂತ ಹೆಚ್ಚಾಗಿ ನಿಮ್ಮನ್ನು ಸುಡುತ್ತಿರುವುದು ಕಾಕಾ. ಅವರ ಮನಸ್ಸಿನೊಳಗೆ ಏನಿದೆಯೋ ನಾನು ಬಲ್ಲವನಲ್ಲ. ಆದರೆ ಒಂದು ಸಾಧ್ಯತೆಯನ್ನು ನಿಮ್ಮ ಮುಂದಿಡುತ್ತೇನೆ. ರೋಗ ನಿಜ ಎಂದು ಒಪ್ಪಿದ ಕ್ಷಣವೇ ಕಾಕಾ, ‘ಹಂಗಾದ್ರ ಅತ್ತಿಗಿಗೆ ಲಸಿಕೆ ಬ್ಯಾಡ ಅಂದಾಂವ ನಾನೇ’ ಎಂಬ ಮಾತನ್ನು ಹೊರಬೇಕಾಗುತ್ತದೆ. ಆ ಭಾರ ಹೊರಲಾಗದವರು ರೋಗವೇ ಇರಲಿಲ್ಲ ಎಂದು ಇನ್ನೂ ಗಟ್ಟಿಯಾಗಿ ಹೇಳುವುದುಂಟು. ಹಾಗೇನಾದರೂ ಇದ್ದರೆ, ನೀವಿಬ್ಬರೂ ಹಿಡಿದು ಜಗ್ಗುತ್ತಿರುವುದು ಒಂದೇ ಸಾವನ್ನು. ನೀವು ಅದನ್ನು ಅವರ ಮೇಲೆ ಹೊರಿಸುತ್ತೀರಿ, ಅವರು ಅದಕ್ಕೆ ಕಾರಣವೇ ಇರಲಿಲ್ಲ ಅನ್ನುತ್ತಾರೆ. ದುಃಖ ಇಬ್ಬರದೂ.

ಇನ್ನೊಂದು ಮಾತನ್ನು ಮೆಲ್ಲಗೆ ಹೇಳಬೇಕು. ‘ಆ ವಾರ ನಾನೂ ಜೇವರ್ಗಿಗೆ ಹೋಗಿದ್ದೆ’ ಎಂದು ಪತ್ರದ ನಡುವೆ ಬರೆದು, ಅದರ ಬಗ್ಗೆ ಮುಂದೇನೂ ಹೇಳದೆ ಹೋಗಿದ್ದೀರಿ. ರಾತ್ರಿ ನಿಮ್ಮನ್ನು ಎಬ್ಬಿಸುವುದು ಆ ಸಾಲೇ ಇರಬಹುದೇ? ರೋಗ ನನ್ನಿಂದಲೇ ಮನೆಗೆ ಬಂತೇನೋ ಎಂಬ ಭಯ ಎಷ್ಟೋ ಮನೆಗಳಲ್ಲಿ ಇಂದಿಗೂ ಬಾಯಿ ಬಿಡದೆ ಕೂತಿದೆ. ಸೋಂಕು ತಗಲಿ ಲಕ್ಷಣ ಕಾಣುವುದಕ್ಕೆ 2ರಿಂದ 14 ದಿನ ಹಿಡಿಯುತ್ತಿತ್ತು. ಆ ದಿನಗಳಲ್ಲಿ ಅವ್ವ ರೇಷನ್ ಅಂಗಡಿಗೆ ಹೋಗಿರಬಹುದು, ನೆರೆಯವರು ಬಂದು ಕೂತಿರಬಹುದು, ನೀವು ಪೇಟೆಗೆ ಹೋಗಿದ್ದಿರಿ, ಕಾಕಾ ಜಾತ್ರೆಯಲ್ಲಿದ್ದರು. ಯಾರಿಂದ ಬಂತೆಂದು ಹೇಳಲು ಇಂದು ಯಾವ ವೈದ್ಯರಿಂದಲೂ ಆಗದು. ನೀವು ಬೀಜ, ಗೊಬ್ಬರಕ್ಕೆ ಹೋದದ್ದು ಮನೆ ನಡೆಯಬೇಕೆಂದು. ಅದು ಅಪರಾಧವಲ್ಲ. ನಿಮಗೆ ಈ ಕರುಣೆ ಸಲ್ಲುವುದಾದರೆ ಕಾಕಾಗೂ ಒಂದು ಪಾಲು ಸಲ್ಲಬೇಕು. ಲಸಿಕೆ ಬೇಡವೆಂದದ್ದು ಅವರ ತಪ್ಪು ಸಲಹೆ. 45 ದಾಟಿದ ಎಲ್ಲರಿಗೂ ಆ ಏಪ್ರಿಲ್ 1ರಿಂದ ಲಸಿಕೆ ತೆರೆದಿತ್ತು, ಹಾಕಿಸಿದ್ದರೆ ಅವ್ವನಿಗೆ ಒಂದಿಷ್ಟಾದರೂ ರಕ್ಷಣೆ ಸಿಗುತ್ತಿತ್ತೇನೋ. ಆದರೆ ತಪ್ಪು ಸಲಹೆ ಕೊಟ್ಟವನನ್ನು ಕೊಂದವನು ಅನ್ನಲಾಗದು. ಮೂರನೇ ದಿನ ನಿಮ್ಮ ಬಾಯಿಂದ ಬಂದ ಆ ಮಾತನ್ನು ನೀವು ಹಿಂದಕ್ಕೆ ತೆಗೆದುಕೊಳ್ಳಬೇಕು. ರೋಗದ ಬಗ್ಗೆ ಹೇಳಿದ್ದನ್ನು ತೆಗೆದುಕೊಳ್ಳಬೇಡಿ, ಆ ಒಂದು ಮಾತನ್ನು ಮಾತ್ರ.

ಅದನ್ನು ಮದುವೆಯ ದಿನ ಮಾಡಲು ಹೋಗಬೇಡಿ. ಅಂದು ಮನೆ ತುಂಬ ಬೀಗರು, ಎಲ್ಲರ ಕಣ್ಣೂ ನಿಮ್ಮಿಬ್ಬರ ಮೇಲೆ. ಮುಂಚೆಯೇ ಒಂದು ಸಂಜೆ ಕಾಕಿಗೆ ಅಥವಾ ತಂಗಿಗೆ ಹೇಳಿ ಕಳಿಸಿ, ಮನೆಗೆ ಹೋಗಿ. ಮಾತು ಚಿಕ್ಕದಿರಲಿ: ‘ಕಾಕಾ, ಅವತ್ತು ನಾ ಅಂದದ್ದು ತಪ್ಪು. ಅವ್ವ ಹೋದ ಸಂಕಟಕ್ಕ ಬಾಯಿ ಬಿಟ್ಟೆ. ತಂಗಿ ಮದುವಿ ಕೆಲಸಕ್ಕ ನಾ ಬರ್ತೀನಿ.’ ಅಷ್ಟೇ ಸಾಕು. ‘ರೋಗ ಇತ್ತಂತ ಈಗರ ಒಪ್ಕೋ’ ಎಂಬ ಷರತ್ತು ಹಾಕಬೇಡಿ. ಕಾಕಾ ಅಳಬಹುದು, ಸುಮ್ಮನಿರಬಹುದು, ‘ಎದ್ದು ಹೋಗು’ ಎಂದೂ ಅನ್ನಬಹುದು. ಏನಂದರೂ ನಿಮ್ಮ ಕೆಲಸ ಅಲ್ಲಿಗೆ ಆದಂತೆ, ಮದುವೆಗೆ ಹೋಗಿ. ತಂಗಿ ಕರೆದದ್ದು ಅಣ್ಣನನ್ನು. ಆಕೆಗೂ ಅವ್ವ ದೊಡ್ಡವ್ವ ಆಗಬೇಕಲ್ಲ, ಆಕೆಯೂ ಕಳೆದುಕೊಂಡವಳೇ.

ಹೊಟೇಲಿನ ವಾದವನ್ನು ನಿಲ್ಲಿಸಿ. ಅಲ್ಲಿ ಗೆದ್ದವರು ಯಾರೂ ಇಲ್ಲ. ಮಾತು ಬಂದಾಗ ‘ನಮ್ಮವ್ವ ಆ ರೋಗದಾಗೇ ಹೋದಳು, ಅದರ ಮ್ಯಾಲ ನಾ ವಾದ ಮಾಡಂಗಿಲ್ಲ’ ಎಂದು ಒಂದೇ ಸಲ, ದನಿ ಏರಿಸದೆ ಹೇಳಿ ಎದ್ದು ಬನ್ನಿ. ಕೆಲವು ದಿನ ಆ ಕಡೆ ಹೋಗದಿದ್ದರೂ ನಡೆಯುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಮಕ್ಕಳಲ್ಲಿ ಎಚ್‌ಎಂಪಿವಿ ವೈರಸ್ ಕಂಡಿತೆಂಬ ಸುದ್ದಿ ಬಂದಾಗ ಊರೂರಲ್ಲಿ ಹಳೆಯ ಜಗಳಗಳು ಮತ್ತೆ ಎದ್ದವು. ಮುಂದೆಯೂ ಏಳುತ್ತವೆ. ಆಗ ನಿಮ್ಮ ಶಕ್ತಿಯನ್ನು ಹೊಟೇಲಿನಲ್ಲಿ ಖರ್ಚು ಮಾಡದೆ ಮನೆಗೆ ಉಳಿಸಿಕೊಳ್ಳಿ. ಕೆಮ್ಮು ಇರುವವರು ಹಿರಿಯರ ಹತ್ತಿರ ಮಾಸ್ಕ್ ಹಾಕಲಿ. ಜ್ವರದ ಜೊತೆ ದಮ್ಮು ಬಂದರೆ ಮರುದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಿ. ಏನು ಮಾಡಬೇಕೆಂದು ಗೊತ್ತಾಗದಿದ್ದರೆ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಆ ದಿನಗಳಲ್ಲಿ ಮನೆ ಮನೆಗೆ ತಿರುಗಿ ಬೈಸಿಕೊಂಡವರು ಅವರು. ನೀವು ಹೋಗಿ ಕೇಳಿದರೆ ಅವರಿಗೂ ಒಂದಿಷ್ಟು ಸಮಾಧಾನವಾದೀತು.

ಅವ್ವನ ಮಣ್ಣಿಗೆ ಜನ ಬಂದಿದ್ದರೋ ಇಲ್ಲವೋ ನೀವು ಬರೆದಿಲ್ಲ. ಆ ತಿಂಗಳಲ್ಲಿ ಎಷ್ಟೋ ಮನೆಗಳಿಗೆ ಯಾರೂ ಬರಲಾಗಲಿಲ್ಲ, ಅತ್ತು ಹಗುರಾಗುವ ಅವಕಾಶವೇ ತಪ್ಪಿಹೋಯಿತು. ನಿಮ್ಮಲ್ಲೂ ಹಾಗಾಗಿದ್ದರೆ ಈ ಸಲದ ಪುಣ್ಯತಿಥಿಗೆ ನಾಲ್ಕು ಜನರನ್ನು ಊಟಕ್ಕೆ ಕರೆಯಿರಿ. ಅವ್ವ ಹೇಗೆ ಸತ್ತಳೆಂಬ ಮಾತು ಬೇಡ. ಹೇಗೆ ಬದುಕಿದ್ದಳು, ಏನು ಅಡುಗೆ ಮಾಡುತ್ತಿದ್ದಳು, ಯಾರನ್ನು ಬೈಯುತ್ತಿದ್ದಳು, ಅವೆಲ್ಲ ಬರಲಿ.

ನಿದ್ದೆ ಮತ್ತು ಕುಡಿತದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಇಷ್ಟು ವರ್ಷ ಇಳಿಯದ ದುಃಖ, ಬಾರದ ನಿದ್ದೆ, ಹೆಚ್ಚುತ್ತಿರುವ ಕುಡಿತ, ಇವು ಮೂರೂ ಸೇರಿದಾಗ ಅಂಕಣದ ಸಲಹೆ ಸಾಲುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಿಮ್ಮ ಮಾತು ಊರಿಗೆ ಗೊತ್ತಾಗುವುದಿಲ್ಲ. ಎದುರು ಕೂತು ಮಾತಾಡಬೇಕು ಅನ್ನಿಸಿದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಅಂದೇ ಮನೆಯವರಿಗೆ ಹೇಳಿ, ಆ ನಂಬರಿಗೆ ಫೋನ್ ಹಚ್ಚಿ.

ಇದನ್ನು ಓದುತ್ತಿರುವ ಉಳಿದವರಲ್ಲೂ ಒಂದು ವಿನಂತಿ. ನಿಮ್ಮೂರಲ್ಲಿ ಯಾರಿಗಾದರೂ ‘ಮಾಸ್ಕ್ ಮಾಸ್ತರ’ ಎಂಬಂಥ ಹೆಸರಿಟ್ಟಿದ್ದರೆ ಇಂದಿನಿಂದ ಬಿಟ್ಟುಬಿಡಿ. ಆ ಮನೆಯಲ್ಲಿ ಆ ವರ್ಷ ಏನಾಯಿತೆಂದು ನಿಮಗೆ ಗೊತ್ತಿರಲಿಕ್ಕಿಲ್ಲ.

ಸಹೋದರರೇ, ಕಾಕಾನ ಮನೆಗೆ ಹೋಗಲು ಧೈರ್ಯ ಬರುವವರೆಗೆ ಕಾಯಿರಿ, ತೊಂದರೆ ಇಲ್ಲ. 14416ಕ್ಕೆ ಮಾತ್ರ ಈ ವಾರವೇ ಕರೆ ಮಾಡಿ.