ಪಿಕಪ್ ವಾಹನದ ಪ್ಲಾಸ್ಟಿಕ್ ಭಾಗಗಳ ಹಾನಿ: ಕಾರಣ ಪತ್ತೆಯ ಕ್ರಮ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಕಡಲೆಕಾಯಿ, ಹುಣಸೆ ಸಾಗಿಸುವ ಪಿಕಪ್ ವಾಹನಗಳ ಪ್ಲಾಸ್ಟಿಕ್ ಭಾಗಗಳು ಯಾವ ಅಪಘಾತವೂ ಇಲ್ಲದೆ ಬಿರಿಯುವುದುಂಟು. ಕಾರಣವರಿಯದೆ ಹೊಸ ಭಾಗ ಜೋಡಿಸಿದರೆ ಅದಕ್ಕೂ ಅದೇ ಗತಿ, ವೆಚ್ಚ ಮರುಕಳಿಸುತ್ತದೆ.

ಮೊದಲು ಭಾಗದ ಒಳಮೈಯಲ್ಲಿ ಅಚ್ಚಾಗಿರುವ ಗುರುತನ್ನು ನೋಡಬೇಕು. ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ (ಪಿಪಿ). ಹೆಡ್‌ಲೈಟಿನ ಮುಂಗವಚ ಪಾಲಿಕಾರ್ಬೊನೇಟ್ (ಪಿಸಿ). ಅನಂತರ ಹಾನಿಯ ಸ್ವರೂಪವನ್ನು ಪರಿಶೀಲಿಸಬೇಕು.

1. ಬಿಸಿಲು: ಮೇಲ್ಮೈ ಬಿಳಿಚಿ, ಒರೆಸಿದರೆ ಪುಡಿ ಹತ್ತಿ, ನೆರಳಿನ ಭಾಗ ಸುಸ್ಥಿತಿಯಲ್ಲಿದ್ದರೆ ಅದು ಅತಿನೇರಳೆ ಕಿರಣಗಳ ಪರಿಣಾಮ. ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನಕ್ಕೆ ವರವಾದ ಬಿಸಿಲೇ ಇಲ್ಲಿ ಹಾನಿಕಾರಕ.

2. ದ್ರಾವಕ: ಸ್ಕ್ರೂ ಸುತ್ತ ಕೂದಲೆಳೆಯಂಥ ಬಿರುಕುಗಳಿದ್ದರೆ ಅತಿಯಾದ ಬಿಗಿತವನ್ನೂ, ಥಿನ್ನರ್, ಪೆಟ್ರೋಲ್ ಅಥವಾ ತೀಕ್ಷ್ಣ ಕ್ಷಾರದ ಬಳಕೆಯನ್ನೂ ಶಂಕಿಸಬೇಕು. ಪಾಲಿಕಾರ್ಬೊನೇಟ್ ಇವನ್ನು ತಾಳದು.

3. ಇಲಿ: ಅಂಚಿನಲ್ಲಿ ಜೋಡಿ ಗೀರು, ಸಮೀಪದಲ್ಲಿ ಹಿಕ್ಕೆ ಕಂಡರೆ ಸಂದೇಹವಿಲ್ಲ. ಚೆಲ್ಲಿದ ಕಡಲೆಬೀಜವೇ ಆಮಿಷ. ವಾಹನ ಚಾಲೂ ಮಾಡುವ ಮೊದಲು ತಂತಿಗಳ ಹೊದಿಕೆಯನ್ನು ಪರೀಕ್ಷಿಸಬೇಕು. ಬರಿದಾದ ತಂತಿ ಬೆಂಕಿಗೆ ಕಾರಣವಾದೀತು.

4. ಶಾಖ: ಭಾಗ ಬಿರಿಯದೆ ಮೆತ್ತಗಾಗಿ ಸೊಟ್ಟಗಾಗಿದ್ದರೆ ಸೈಲೆನ್ಸರ್ ಕೊಳವೆಯ ಸೋರಿಕೆಯನ್ನು ಹುಡುಕಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ನೋಡುವುದು ಲೇಸು. ಹಳೆಯ ಭಾಗವನ್ನು ಎಸೆಯದೆ, ಛಾಯಾಚಿತ್ರದೊಡನೆ ಇರಿಸಿಕೊಂಡರೆ ವಾರಂಟಿ ಕೋರಲು ಆಧಾರವಾಗುತ್ತದೆ. ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗಳು ಕಚ್ಚಾವಸ್ತುವಿನಲ್ಲಿ ಅತಿನೇರಳೆ ನಿರೋಧಕವಿದೆಯೇ ಎಂದು ಪೂರೈಕೆದಾರರಿಂದ ಲಿಖಿತವಾಗಿ ಪಡೆಯುವುದು ಕ್ಷೇಮ.