ಅನಣ ಸುಖ, ಅನವಜ್ಜ ಸುಖ: ಮನೆ, ಸೈಟು ಮತ್ತು ಸಾಲದ ಬಗ್ಗೆ

*ದಿನದ ಧಮ್ಮ ಚಿಂತನ*

ಕಳೆದ ಭಾನುವಾರ ಗಾಂಧಿ ಬಜಾರಿನಲ್ಲಿ ನಮ್ಮ ಅಧ್ಯಯನ ಬಳಗದ ಪಾಠ ಮುಗಿಸಿ ಕಾಫಿ ಕುಡಿಯುತ್ತಿದ್ದಾಗ ಬಳಗದ ಒಬ್ಬ ತಮ್ಮ ಕೇಳಿದ. "ಅಕ್ಕ, ಮನೆ ತಗೊಳ್ಳೋಕೆ ಬ್ಯಾಂಕಿನವರು 40 ಲಕ್ಷ ಸಾಲ ಕೊಡ್ತೀವಿ ಅಂತಿದ್ದಾರೆ. ಏಜೆಂಟ್ ಹೇಳ್ತಾನೆ, ಅದರ ಜೊತೆಗೆ ಹೊರಗಡೆ ಒಂದು ಸೈಟೂ ಹಾಕ್ಕೊಳ್ಳಿ, ಐದು ವರ್ಷಕ್ಕೆ ಡಬಲ್ ಆಗುತ್ತೆ ಅಂತ. ಸಾಲ ಮಾಡೋದು ಧಮ್ಮಕ್ಕೆ ವಿರುದ್ಧನಾ?"

ಆಗ ಅರ್ಧ ಉತ್ತರ ಹೇಳಿ ಬಸ್ಸು ಹತ್ತಿದೆ. ಉಳಿದ ಅರ್ಧ ಇಲ್ಲಿದೆ.

*ಭಗವಾನರು ಹೇಳಿದ ನಾಲ್ಕು ಸುಖಗಳು*

ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ಗೃಹಸ್ಥನಿಗೆ ದೊರೆಯುವ ನಾಲ್ಕು ಸುಖಗಳನ್ನು ಹೇಳಿದ್ದಾರೆ. ನ್ಯಾಯವಾಗಿ ದುಡಿದ ಸಂಪತ್ತು ನನ್ನಲ್ಲಿದೆ ಎಂಬುದು ಅತ್ಥಿ ಸುಖ. ಅದನ್ನು ಅನುಭವಿಸುವುದು, ದಾನ ಮಾಡುವುದು ಭೋಗ ಸುಖ. ಯಾರಿಗೂ ಸಾಲಗಾರನಲ್ಲ ಎಂಬುದು ಅನಣ ಸುಖ. ಕಾಯ, ವಾಕ್ಕು, ಮನಸ್ಸಿನಲ್ಲಿ ದೋಷವಿಲ್ಲದೆ ಬದುಕಿದ್ದೇನೆ ಎಂಬುದು ಅನವಜ್ಜ ಸುಖ. ಮೊದಲ ಮೂರೂ ಸೇರಿದರೂ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೆ ಸಮವಲ್ಲ ಎಂದು ಆ ಸೂತ್ರ ಮುಗಿಯುತ್ತದೆ.

ಈ ಮಾತನ್ನು ಹೇಳಿದ್ದು ಅನಾಥಪಿಂಡಿಕನಿಗೆ. ಜೇತ ರಾಜಕುಮಾರನ ತೋಟಕ್ಕೆ ನೆಲದ ಮೇಲೆ ನಾಣ್ಯ ಹಾಸಿ ಬೆಲೆ ಕಟ್ಟಿದ ವರ್ತಕ ಅವನು. ಜಾಗದ ಬೆಲೆ ಏನೆಂದು ಗೊತ್ತಿದ್ದವನು. ಅಂಥವನ ಮುಂದೆ ಭಗವಾನರು ಆಸ್ತಿಯೇ ಕೆಟ್ಟದ್ದು ಎನ್ನಲಿಲ್ಲ, ಅದನ್ನು ಮೊದಲ ಸುಖವಾಗಿಯೇ ಎಣಿಸಿದರು. ಬಾಬಾಸಾಹೇಬರೂ ಅಷ್ಟೇ, ಬಡತನವನ್ನು ಪವಿತ್ರ ಎಂದು ಹೊಗಳುವ ಧರ್ಮ ನಮಗೆ ಬೇಡ ಎಂದರು.

*ಸಾಲ ಎಂದರೆ ನಮ್ಮವರಿಗೆ ಏನಾಗಿತ್ತು*

ಅಂಗುತ್ತರ ನಿಕಾಯದಲ್ಲೇ ಇನ್ನೊಂದು ಸೂತ್ರವಿದೆ, ಇಣ ಸುತ್ತ. 'ಇಣ' ಎಂದರೆ ಋಣ. ಬಡತನ, ಅದರಿಂದ ಸಾಲ, ಸಾಲದ ಮೇಲೆ ಬಡ್ಡಿ, ಆಮೇಲೆ ಕೊಡು ಎಂಬ ಒತ್ತಾಯ, ಬೆನ್ನುಹತ್ತುವಿಕೆ, ಕೊನೆಗೆ ಬಂಧನ ಎಂದು ಆರು ದುಃಖಗಳನ್ನು ಅದು ಮೆಟ್ಟಿಲುಮೆಟ್ಟಿಲಾಗಿ ಹೇಳುತ್ತದೆ. ಬಡ್ಡಿಗೆ ಅಲ್ಲಿರುವ ಪಾಲಿ ಪದ 'ವಡ್ಢಿ'. ನಮ್ಮ ಕನ್ನಡದ 'ಬಡ್ಡಿ' ಅದರ ಒಡಹುಟ್ಟು.

ನಮ್ಮ ತಾತ 300 ರೂಪಾಯಿ ಸಾಲಕ್ಕೆ ಗೌಡರ ಮನೆಯಲ್ಲಿ 11 ವರ್ಷ ಜೀತಕ್ಕಿದ್ದರು. 1976ರ ಜೀತ ನಿರ್ಮೂಲನಾ ಕಾಯ್ದೆ ಬಂದ ಮೇಲೆಯೇ ಅವರು ಆ ಹಟ್ಟಿಯಿಂದ ಹೊರಗೆ ಬಂದದ್ದು. ಹಾಗಾಗಿ ನಮ್ಮಪ್ಪ ಕೊನೆಯವರೆಗೂ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಸಾಲ ತರಲಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಈ ಭಯ ಇದೆ. ಮಕ್ಕಳಿಗೆ ಅದು ಹೋಗಿದೆ. ಭಯ ಹೋದದ್ದು ಒಳ್ಳೆಯದೇ, ಅದರ ಜೊತೆಗೆ ಎಚ್ಚರವೂ ಹೋಗಬಾರದು.

ಹಾಗೆಂದು ಬುದ್ಧರು ಎಲ್ಲ ಸಾಲವನ್ನೂ ಬೇಡ ಎನ್ನಲಿಲ್ಲ. ಸಾಮಞ್ಞಫಲ ಸುತ್ತದಲ್ಲಿ ಸಾಲ ಮಾಡಿ ವ್ಯಾಪಾರಕ್ಕೆ ಹಾಕಿದ ಒಬ್ಬನ ಹೋಲಿಕೆ ಬರುತ್ತದೆ. ಅವನ ವ್ಯಾಪಾರ ಕೈಹಿಡಿಯುತ್ತದೆ, ಸಾಲ ತೀರುತ್ತದೆ, ಹೆಂಡತಿಯನ್ನು ಸಾಕಲು ಒಂದಿಷ್ಟು ಮಿಗುತ್ತದೆ. ಅವನ ಸಂತೋಷವನ್ನು ಭಗವಾನರು ಮನಸ್ಸಿನ ಬಿಡುಗಡೆಗೆ ಹೋಲಿಸುತ್ತಾರೆ. ಹಾಗಾದರೆ ನಾವು ನೋಡಬೇಕಾದದ್ದು, ಸಾಲ ಯಾವುದಕ್ಕೆ ಎಂಬುದನ್ನು.

*ಸೂರಿಗಾಗಿ ಮಾಡುವ ಸಾಲ*

2009ರಲ್ಲಿ ನಾನೂ ನಮ್ಮ ಮನೆಯವರೂ ಗಾಂಧಿ ಬಜಾರಿನ ಹಿಂದಿನ ಬೀದಿಗಳಲ್ಲಿ ಬಾಡಿಗೆ ಮನೆ ಹುಡುಕಿದೆವು. ನನ್ನ ಶಾಲೆಗೆ ಹತ್ತಿರ ಎಂಬ ಆಸೆ. ಒಂದು ಮನೆಯ ಯಜಮಾನಿ ಚೆನ್ನಾಗಿಯೇ ಮಾತಾಡಿದರು, ಕಾಫಿ ಕೊಟ್ಟರು. ಕನ್ನಡ ಟೀಚರ್ ಎಂದು ಖುಷಿಪಟ್ಟರು. ಆಮೇಲೆ, "ನಿಮ್ಮ ಮನೆದೇವರು ಯಾವುದಮ್ಮ?" ಎಂದರು. "ನಮಗೆ ಮನೆದೇವರಿಲ್ಲ, ನಾವು ಬೌದ್ಧರು" ಎಂದೆ. ಮಾರನೆಯ ದಿನ ಫೋನಿನಲ್ಲಿ, ಅಣ್ಣನ ಮಗ ಬರ್ತಾನಂತೆ, ಮನೆ ಅವನಿಗೇ ಬೇಕಂತೆ ಎಂದರು. 'ಟು ಲೆಟ್' ಬೋರ್ಡು ಮುಂದಿನ ತಿಂಗಳೂ ಅಲ್ಲೇ ಇತ್ತು.

1917ರಲ್ಲಿ ಬರೋಡದಲ್ಲಿ ದೊಡ್ಡ ಹುದ್ದೆಗೆ ಸೇರಿದ ಬಾಬಾಸಾಹೇಬರಿಗೇ ತಲೆ ಇಡಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಮುಂದೆ ಅವರೇ ಮುಂಬಯಿಯ ದಾದರಿನಲ್ಲಿ ತಮ್ಮ ಪುಸ್ತಕಗಳಿಗೂ ಜಾಗವಿರುವಂತೆ 'ರಾಜಗೃಹ' ಕಟ್ಟಿಸಿದರು. ಸ್ವಂತ ಮನೆ ನಮ್ಮವರಿಗೆ ಬರೀ ಹೂಡಿಕೆಯಲ್ಲ. ಮನೆದೇವರು ಯಾವುದು ಎಂದು ಯಾರೂ ಕೇಳದ ಬಾಗಿಲು ಅದು. 2011ರಲ್ಲಿ ನಾವು ಬ್ಯಾಂಕ್ ಸಾಲ ಮಾಡಿ ಎರಡು ಕೋಣೆಯ ಮನೆ ಕೊಂಡೆವು. ಆ ಸಾಲದ ಬಗ್ಗೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ.

ಆದರೂ ಲೆಕ್ಕ ಬರೆದು ನೋಡಿ. 40 ಲಕ್ಷ ಸಾಲ, 20 ವರ್ಷ, ಶೇ 8.5 ಬಡ್ಡಿ ಎಂದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಮೊದಲ ಕಂತಿನಲ್ಲಿ 28,300 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 6,400 ಮಾತ್ರ. 20 ವರ್ಷಕ್ಕೆ ಕಟ್ಟುವುದು ಒಟ್ಟು 83 ಲಕ್ಷ. ಬಡ್ಡಿ ದರ ನಿಂತ ನೀರೂ ಅಲ್ಲ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ಶೇ 7ರಲ್ಲಿ 40 ಲಕ್ಷ ತೆಗೆದುಕೊಂಡವರ ಕಂತು 31,000. ದರ 9.5 ಆದರೆ ತಿಂಗಳ ಬಡ್ಡಿಯೇ ಸುಮಾರು 31,700. ಕಂತು ಹಾಗೇ ಉಳಿದರೆ ಕಟ್ಟುತ್ತಾ ಹೋದರೂ ಸಾಲ ಬೆಳೆಯುತ್ತದೆ! ಅದಕ್ಕೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ, ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತು. ನಿಮ್ಮ ಬ್ಯಾಂಕಿನಲ್ಲಿ ಕೇಳಿ, ಅದು ನಿಮ್ಮ ಹಕ್ಕು.

*ಲಾಭಕ್ಕಾಗಿ ಮಾಡುವ ಸಾಲ*

ಇನ್ನು ಏಜೆಂಟ್ ಹೇಳುವ ಲೆಕ್ಕ. 60 ಲಕ್ಷದ ಫ್ಲ್ಯಾಟನ್ನು 48 ಲಕ್ಷ ಸಾಲ ಮಾಡಿ ಕೊಂಡು 18,000ಕ್ಕೆ ಬಾಡಿಗೆಗೆ ಕೊಟ್ಟಿರಿ ಎನ್ನೋಣ. ವರ್ಷಕ್ಕೆ ಬರುವುದು 2.16 ಲಕ್ಷ. ಶೇ 8.5ರಂತೆ ಮೊದಲ ವರ್ಷದ ಬಡ್ಡಿಯೇ ಸುಮಾರು 4 ಲಕ್ಷ. ಮುದ್ರಾಂಕ ಶುಲ್ಕ ಶೇ 5, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಅವೆರಡಕ್ಕೇ 4.2 ಲಕ್ಷ. ಬೆಲೆ ಏರಿದರೆ ಮಾತ್ರ ಲಾಭ. ಬೆಂಗಳೂರಿನಲ್ಲಿ ಏರಿದೆ, ಎಷ್ಟೋ ಜನ ಹಾಗೆಯೇ ಮೇಲೆ ಬಂದಿದ್ದಾರೆ. ಆದರೆ ಗೆದ್ದವರು ಮಾತ್ರ ಮದುವೆ ಮನೆಯಲ್ಲಿ ಸೈಟಿನ ಕಥೆ ಹೇಳುತ್ತಾರೆ. ಸೋತವರು ಊಟ ಮಾಡಿ ಎದ್ದು ಹೋಗುತ್ತಾರೆ. ನಾನು ಸೋತವರ ಪೈಕಿ, ಇವತ್ತು ಹೇಳಿಬಿಡುತ್ತೇನೆ.

2015ರಲ್ಲಿ ನಾನು ಊರಾಚೆ 30x40ರ ಒಂದು ರೆವಿನ್ಯೂ ಸೈಟ್ ಕೊಂಡೆ. 9 ಲಕ್ಷ. 3 ಲಕ್ಷ ಚೀಟಿ ದುಡ್ಡು, 4 ಲಕ್ಷ ಪರ್ಸನಲ್ ಲೋನ್, ಬಳೆ ಸರ ಅಡವಿಟ್ಟು 2 ಲಕ್ಷ. ಮನೆ ಕಟ್ಟುವ ಯೋಚನೆ ಇರಲಿಲ್ಲ, ಮಾರಿ ದುಡ್ಡು ಮಾಡುವುದಿತ್ತು. 2018ರಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಾಲಯದಿಂದ ನೋಟಿಸ್ ಬಂತು. ಆ ಜಮೀನು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ್ದು. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಅಂಥ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದರೆ ಅದು ಅಸಿಂಧು. ಭೂಮಿಯನ್ನು ಮೂಲ ಮಂಜೂರಿದಾರರಿಗೋ ಅವರ ವಾರಸುದಾರರಿಗೋ ಮರಳಿ ಕೊಡಿಸಬಹುದು.

ಕೋರ್ಟಿನ ಜಗುಲಿಯಲ್ಲಿ ಅರ್ಜಿದಾರರು ಕೂತಿದ್ದರು. ಎಪ್ಪತ್ತು ದಾಟಿದ ಅಜ್ಜಿ. "ನೀವೂ ಸೈಟ್ ತಗೊಂಡೋರಾ ಅವ್ವ?" ಎಂದರು. ಹೌದು ಎಂದೆ. ಅವರು ಬೈಯಲಿಲ್ಲ. "ನಾದಿನಿ ಮದುವೆಗೆ ಅಂತ ನಮ್ಮ ಮಾವ ಎರಡು ಸಾವಿರ ಸಾಲ ಈಸ್ಕೊಂಡಿದ್ರು. ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ಏನು ಬರೆದಿತ್ತೋ ನಮಗೇನು ಗೊತ್ತು" ಎಂದರು. ನನಗೆ ನಮ್ಮ ತಾತನ 300 ರೂಪಾಯಿ ನೆನಪಾಯಿತು.

ಸೈಟ್ ಕೊಂಡವರೆಲ್ಲ ಸೇರಿ ವಕೀಲರನ್ನು ಹಿಡಿದರು. 2017ರಲ್ಲಿ ಸುಪ್ರೀಂ ಕೋರ್ಟ್ ಇಂಥ ಅರ್ಜಿಗಳು ಸಮಂಜಸ ಕಾಲಾವಧಿಯೊಳಗೆ ಬರಬೇಕು ಎಂದಿತ್ತು. ಈ ಅಜ್ಜಿ ತಡಮಾಡಿದ್ದಾರೆ ಎಂದು ವಾದಿಸಿದರೆ ಗೆಲ್ಲಬಹುದು ಎಂದರು ವಕೀಲರು. ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ನೀವು ಎಸ್‌ಸಿ ಅಲ್ವಾ, ನೀವೇ ಮುಂದೆ ನಿಂತರೆ ನಮಗೆಲ್ಲ ಅನುಕೂಲ" ಎಂದರು.

ನಾನು ತಕ್ಷಣ ಆಗಲ್ಲ ಎನ್ನಲಿಲ್ಲ. ಎರಡು ತಿಂಗಳು ವಕಾಲತ್ತು ಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಬಂದೆ. ಭಾನುವಾರ ಇದೇ ಬಳಗದಲ್ಲಿ ಪಂಚಶೀಲ ಹೇಳಿದೆ. ಬ್ಯಾಗಿನಲ್ಲಿ ಆ ಪತ್ರವಿತ್ತು. ಸಾಲ ಇಲ್ಲದಿದ್ದರೆ ಒಂದೇ ದಿನದಲ್ಲಿ ಹರಿದು ಹಾಕುತ್ತಿದ್ದೆನೇನೋ. ಕಂತು ಇತ್ತು, ಅಡವಿಟ್ಟ ಬಳೆ ಇತ್ತು. ಸರಿ ತಪ್ಪು ಯಾವುದೆಂದು ಗೊತ್ತಿದ್ದೂ ಸರಿಯಾದದ್ದನ್ನು ಮಾಡಲು ಕೈ ಬರಲಿಲ್ಲ. ಅನಣ ಸುಖ ಕಳೆದುಕೊಂಡವರಿಗೆ ಅನವಜ್ಜ ಸುಖ ಎಷ್ಟು ಕಷ್ಟ ಎಂದು ನನಗೆ ಅರ್ಥವಾದದ್ದು ಆಗ.

ಕೊನೆಗೆ ನಮ್ಮ ಮನೆಯವರೇ ಹೇಳಿದರು: "ದುಡ್ಡು ತಗೊಂಡಿರೋದು ನಮಗೆ ಮಾರಿದವನು. ಆ ಅಜ್ಜಿ ಅಲ್ಲ. ಕೇಳೋದಿದ್ರೆ ಅವನ್ನ ಕೇಳೋಣ." ನಾನು ಸಹಿ ಹಾಕಲಿಲ್ಲ. ಮಾರಿದವನಿಂದ ಇವತ್ತಿನವರೆಗೆ ಒಂದು ರೂಪಾಯಿ ಬಂದಿಲ್ಲ. ಸಾಲ ತೀರಿಸಲು ಇನ್ನೂ ನಾಲ್ಕು ವರ್ಷ ಬೇಕಾಯಿತು, ಬಳೆ ಬಿಡಿಸಿಕೊಂಡದ್ದು 2022ರಲ್ಲಿ. 2023ರಲ್ಲಿ ರಾಜ್ಯ ವಿಧಾನಮಂಡಲ ಪಿಟಿಸಿಎಲ್ ಕಾಯ್ದೆಗೆ ತಿದ್ದುಪಡಿ ತಂದು, ಇಂಥ ಅರ್ಜಿಗಳಿಗೆ ಕಾಲಮಿತಿ ಇಲ್ಲ ಎಂದಿತು. ಆ ಅಜ್ಜಿಯ ಕೇಸು ಇನ್ನೂ ನಡೆಯುತ್ತಿದೆ. ನನ್ನ 9 ಲಕ್ಷ ಹೋಯಿತು, ಅದರ ನೋವು ಇಲ್ಲ ಎಂದರೆ ಮುಸಾವಾದವಾದೀತು. ಆದರೆ ಆ ಅಜ್ಜಿ ಎಲ್ಲಾದರೂ ಎದುರಿಗೆ ಬಂದರೆ ತಲೆ ತಗ್ಗಿಸದೆ ಮಾತಾಡಿಸಬಲ್ಲೆ.

*ತಮ್ಮನಿಗೆ ಉತ್ತರ*

ಮನೆಗೆ ಸಾಲ ಮಾಡಪ್ಪ, ಅಳತೆ ನೋಡಿ ಮಾಡು. ಸಿಗಾಲೋವಾದ ಸುತ್ತದಲ್ಲಿ ದುಡಿಮೆಯನ್ನು ನಾಲ್ಕು ಪಾಲು ಮಾಡಿ, ಒಂದನ್ನು ಬಳಸಿ, ಎರಡನ್ನು ಕಸುಬಿಗೆ ಹಾಕಿ, ಒಂದನ್ನು ಕಷ್ಟಕಾಲಕ್ಕೆ ಇಡಬೇಕು ಎಂದಿದೆ. ಆ ನಾಲ್ಕನೇ ಪಾಲನ್ನೂ ನುಂಗುವ ಕಂತು ಬೇಡ. ಮನೆಯೇ ಆಗಲಿ, ಸೈಟೇ ಆಗಲಿ, ಬೆಲೆ ಕೇಳುವ ಮೊದಲು ಕಾಗದ ಕೇಳು. ಮೂಲ ಮಂಜೂರಾತಿ ಯಾರ ಹೆಸರಿಗೆ, ಪಹಣಿ, ಮ್ಯುಟೇಷನ್, ಇ.ಸಿ., ಭೂಪರಿವರ್ತನೆ ಆದೇಶ, ಪಿಟಿಸಿಎಲ್ ಬಗ್ಗೆ ಕಚೇರಿಯ ಹಿಂಬರಹ, ಲೇಔಟ್ ಆದರೆ ರೇರಾ ನೋಂದಣಿ. ಇದನ್ನು ದುಡ್ಡು ಉಳಿಸಿಕೊಳ್ಳಲು ಮಾತ್ರ ಮಾಡಬೇಡ. ಯಾರ ಹೆಬ್ಬೆಟ್ಟಿನ ಮೇಲೆ ನಿನ್ನ ಕಾಂಪೌಂಡ್ ಏಳುತ್ತದೆ ಎಂದು ತಿಳಿಯಲೂ ಮಾಡು.

*ಇಂದಿನ ಮನನಕ್ಕೆ*

1. ನನ್ನ ಈ ಸಾಲ ಇರುವುದಕ್ಕೋ, ಗಳಿಸುವುದಕ್ಕೋ?
2. ಮೂರು ತಿಂಗಳು ಸಂಬಳ ನಿಂತರೆ ಕಂತು ಎಲ್ಲಿಂದ ಬರುತ್ತದೆ?
3. ನಾನು ಕೊಳ್ಳುವ ನೆಲವನ್ನು ಕಳೆದುಕೊಂಡವರು ಯಾರು?

ಮೂರನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮುಂಗಡ ಕೊಡಬೇಡಿ.

ನಮೋ ಬುದ್ಧಾಯ. ಜೈ ಭೀಮ್.