ಸೋಫಾ ಸಾಕುವ ಖರ್ಚು

ಚರ್ಮದ ಸೋಫಾ ಕೊಳ್ಳುವಾಗ ಬೆಲೆಗೆ ಚೌಕಾಸಿ ಮಾಡುತ್ತೇವೆ, ಬಣ್ಣಕ್ಕೆ ಮನೆಮಂದಿಯನ್ನೆಲ್ಲ ಒಪ್ಪಿಸುತ್ತೇವೆ. ಮನೆಗೆ ಬಂದ ಮೇಲೆ ಅದನ್ನು ಸಾಕಲು ವರ್ಷಕ್ಕೆ ಎಷ್ಟು ಬೇಕು ಎಂದು ಕೇಳುವವರು ಕಡಿಮೆ. ಸಾಕುವುದು ಎಂದೇ ಹೇಳಬೇಕು. ಎಮ್ಮೆಯ ಜೀವ ಹೋದರೂ ಅದರ ಮೈ ಒರೆಸುವ ಕೆಲಸ ತಪ್ಪುವುದಿಲ್ಲ. ಆದರೆ ಆ ಕೆಲಸಕ್ಕೆ ಅಂಗಡಿಯವರು ಹೇಳುವಷ್ಟು ದುಡ್ಡು ಖಂಡಿತ ಬೇಡ. ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ, ಒಂದು ವರ್ಷ ಬಿಟ್ಟರೆ, ಈ ಬಾಬತ್ತು ವರ್ಷಕ್ಕೆ 600 ರೂಪಾಯಿ ದಾಟಿದ್ದಿಲ್ಲ.

ನಮ್ಮದು ಸೆಕೆಂಡ್ ಹ್ಯಾಂಡ್ ಸೋಫಾ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೊಂದು ಅನುಕೂಲ. ಅಮೆರಿಕಕ್ಕೋ ಜರ್ಮನಿಗೋ ಹೊರಟ ಸಂಸಾರಗಳು ವಿಮಾನ ಹತ್ತುವ ಮುಂಚಿನ ವಾರ ಮನೆ ಖಾಲಿ ಮಾಡುತ್ತವೆ. ವಾಟ್ಸಾಪ್ ಗುಂಪಿಗೆ ಫೋಟೊ ಬೀಳುತ್ತದೆ, ಲಕ್ಷ ದಾಟಿದ ಸೋಫಾ 20,000ಕ್ಕೆ ಇಳಿಯುತ್ತದೆ. ಮಾರುವವರು ‘ಪ್ಯೂರ್ ಲೆದರ್’ ಎಂದರು. ನಾನು ಕುಶನ್ನಿನ ಜಿಪ್ ತೆಗೆದು ಕವರಿನ ಒಳಮೈ ನೋಡಿದೆ. ಒಳಗಡೆ ಒರಟಾಗಿ, ನಾರುನಾರಾಗಿ ಇದ್ದರೆ ಚರ್ಮ. ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್ ಅಥವಾ ಪಿಯು. ಕೂರುವ ಮತ್ತು ಒರಗುವ ಜಾಗವೆಲ್ಲ ಚರ್ಮವಾಗಿತ್ತು, ಪಕ್ಕ ಮತ್ತು ಹಿಂಬದಿಗೆ ರೆಕ್ಸಿನ್ ಹೊಡೆದಿದ್ದರು. ಇದು ಮೋಸವಲ್ಲ, ದೊಡ್ಡ ಅಂಗಡಿಗಳ ಸೋಫಾಗಳಲ್ಲೂ ಹೀಗೆ ಇರುತ್ತದೆ. ಆದರೆ ಚೌಕಾಸಿಗೆ ಒಳ್ಳೆಯ ಕಾರಣ ಸಿಕ್ಕಿತು.

ಇನ್ನೊಂದು ಪರೀಕ್ಷೆಗೆ ಒಂದು ಹನಿ ನೀರು ಸಾಕು. ಕಣ್ಣಿಗೆ ಬೀಳದ ಮೂಲೆಯಲ್ಲಿ ಹನಿ ಬಿಟ್ಟಾಗ ಮಣಿಯಂತೆ ನಿಂತರೆ ಚರ್ಮದ ಮೇಲೆ ಬಣ್ಣದ ಲೇಪನವಿದೆ ಎಂದರ್ಥ. ಅದು ಗಟ್ಟಿ ಆಸಾಮಿ, ಮನೆಯಲ್ಲೇ ನೋಡಿಕೊಳ್ಳಬಹುದು. ಹನಿ ಇಂಗಿ ಕಪ್ಪಾದರೆ ಅದು ಅನಿಲೀನ್ ಚರ್ಮ. ನೋಡಲು ಬಲು ಚೆಂದ, ಆದರೆ ಚೆಲ್ಲಿದ್ದನ್ನೆಲ್ಲ ಕುಡಿದುಬಿಡುತ್ತದೆ. ಮಕ್ಕಳಿರುವ ಮನೆಗೆ ಅದು ಬಿಟ್ಟಿ ಸಿಕ್ಕರೂ ದುಬಾರಿ.

ಈ ಪರೀಕ್ಷೆಗಳನ್ನು ಮಾಡದೆ ಕ್ರೀಮಿನ ಬಾಟಲಿಗೆ ದುಡ್ಡು ಸುರಿಯುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ. ಮಂಗಳೂರಿನಲ್ಲಿರುವ ನನ್ನ ತಂಗಿಯ ಸೋಫಾ ಸಿಪ್ಪೆ ಏಳತೊಡಗಿದಾಗ ಅವಳು ಕ್ರೀಮಿನ ಮೇಲೆ ಕ್ರೀಮು ತರಿಸಿ ಹಚ್ಚಿದಳು. ಅಲ್ಲಿಗೆ ಹೋದಾಗ ಕುಶನ್ ಕೆಲಸದವರೊಬ್ಬರನ್ನು ಕರೆಸಿದೆವು. ಆತ ಸಿಪ್ಪೆಯನ್ನು ಉಗುರಲ್ಲಿ ಎತ್ತಿ, “ಅಕ್ಕಾ, ಇದು ಚರ್ಮ ಅಲ್ಲ, ಚರ್ಮದ ಪುಡಿ” ಎಂದ. ಬಾಂಡೆಡ್ ಲೆದರ್ ಎಂದು ಮಾರುವುದು ಇದನ್ನೇ. ಚರ್ಮದ ಚೂರುಗಳನ್ನು ಅರೆದು, ಅಂಟು ಬೆರೆಸಿ ಬಟ್ಟೆಯ ಮೇಲೆ ಹರಡಿ, ಮೇಲೊಂದು ಪಾಲಿಯುರೆಥೇನ್ ಪದರ ಹೊದಿಸುತ್ತಾರೆ. ಗಾಳಿಯ ತೇವ ಆ ಪದರವನ್ನು ಒಳಗಿಂದಲೇ ಒಡೆಯುತ್ತದೆ. ಕರಾವಳಿಯಲ್ಲಿ ಅದು ಇನ್ನೂ ಬೇಗ. ಒಮ್ಮೆ ಸಿಪ್ಪೆ ಎದ್ದ ಮೇಲೆ ಯಾವ ಕ್ರೀಮೂ ಅದನ್ನು ಕೂಡಿಸಲಾರದು. ಬೇರೆ ಹೊದಿಕೆ ಹಾಕಿಸಬೇಕು, ಇಲ್ಲವೇ ಮೇಲೊಂದು ಬೆಡ್‌ಶೀಟು ಹಾಸಿ ಕೂರಬೇಕು. ಎರಡನೆಯದಕ್ಕೆ ನಯಾಪೈಸೆ ಖರ್ಚಿಲ್ಲ.

ನಿಜವಾದ ಚರ್ಮಕ್ಕೆ ನಮ್ಮ ಮನೆಗಳಲ್ಲಿ ದೊಡ್ಡ ಶತ್ರು ಕಾಫಿಯಲ್ಲ, ಸಾರೂ ಅಲ್ಲ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಅಪ್ಪ ಮಧ್ಯಾಹ್ನ ಊಟ ಮುಗಿಸಿ ಒರಗುವ ಜಾಗ, ಅತ್ತೆಯವರು ಧಾರಾವಾಹಿ ನೋಡುವ ಮೂಲೆ, ಎರಡೂ ಕಡೆ ತಲೆ ತಾಗುವಲ್ಲಿ ಚರ್ಮ ಮೊದಲು ಕಪ್ಪಾಗಿ, ಆಮೇಲೆ ಅಂಟಂಟಾಗಿ, ಕೊನೆಗೆ ಬಣ್ಣ ಬಿಡುತ್ತದೆ. ಎಣ್ಣೆ ಮತ್ತು ಬೆವರು ಸೇರಿ ಮೇಲಿನ ಲೇಪನವನ್ನು ಮೆತ್ತಗೆ ಮಾಡುವುದರಿಂದ ಹೀಗಾಗುತ್ತದೆ. ಕೈ ಇಡುವ ಜಾಗಕ್ಕೂ ಇದೇ ಗತಿ. ಪರಿಹಾರ ಸರ್ಕಾರಿ ಕಚೇರಿಗಳಿಗೆ ಎಂದೋ ಗೊತ್ತು. ಸಾಹೇಬರ ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ ಹಾಸಿರುತ್ತಾರಲ್ಲ, ಅದನ್ನು ನಾವು ದರ್ಪದ ಗುರುತೆಂದು ನಗುತ್ತೇವೆ. ನಾನು ಸೋಫಾ ತಂದ ವಾರವೇ ಹತ್ತಿ ಟವೆಲ್ಲುಗಳನ್ನು ತಂದು ಹಾಸಿದೆ. ಮಗಳು “ಮನೆ ಡಿಸಿ ಆಫೀಸ್ ಥರ ಕಾಣ್ತಿದೆ” ಎಂದಳು. ಕಾಣಲಿ. ವಾರಕ್ಕೊಮ್ಮೆ ವಾಷಿಂಗ್ ಮೆಷಿನ್ನಿಗೆ ಹಾಕಿದರಾಯಿತು.

ಹೊಸ ಸೋಫಾ ಕೊಂಡ ಪರಿಚಿತರೊಬ್ಬರಿಗೆ ಅಂಗಡಿಯವರು ಸಾವಿರಗಟ್ಟಲೆ ರೂಪಾಯಿಯ ‘ಪ್ರೊಟೆಕ್ಷನ್ ಪ್ಲಾನ್’ ಅಂಟಿಸಿದ್ದರು. ಅದರ ಕಾಗದವನ್ನು ಕನ್ನಡಕ ಹಾಕಿಕೊಂಡು ಓದಿದೆ. ಮೈ ಎಣ್ಣೆ, ತಲೆ ಎಣ್ಣೆ, ಬೆವರು, ದಿನದಿನಕ್ಕೆ ಸೇರುವ ಕೊಳೆ, ಸಾಕುಪ್ರಾಣಿಯ ಉಗುರು, ಇವೊಂದಕ್ಕೂ ಪ್ಲಾನ್ ಅನ್ವಯಿಸದಂತೆ. ಸೋಫಾ ಹಾಳಾಗುವ ದಾರಿಗಳನ್ನೆಲ್ಲ ಬಿಟ್ಟು ಉಳಿದದ್ದಕ್ಕೆ ರಕ್ಷಣೆ!

ಇನ್ನು ಒರೆಸುವ ವಿಷಯ. ವಾರಕ್ಕೊಮ್ಮೆ ಒಣ ಬಟ್ಟೆ ಸಾಕು. ಹತ್ತಾರು ವರ್ಷ ಒಗೆದು ಮೆತ್ತಗಾದ ಹಳೆಯ ಪಂಚೆಗಿಂತ ಒಳ್ಳೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗದು. ಹೊಲಿಗೆಯ ಸಂದಿನ ಧೂಳಿಗೆ ಎರಡಿಂಚಿನ ಪೇಂಟ್ ಬ್ರಷ್ ಇಟ್ಟುಕೊಂಡಿದ್ದೇನೆ. ಈ ಧೂಳನ್ನು ಸಣ್ಣದೆಂದು ಬಿಡಬಾರದು, ಕೂತು ಎದ್ದಾಗಲೆಲ್ಲ ಅದು ಉಪ್ಪುಕಾಗದದಂತೆ ಲೇಪನವನ್ನು ಉಜ್ಜುತ್ತದೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆ. ಒಂದು ಮಗ್ ನೀರಿಗೆ ಕೆಲವೇ ಹನಿ ಶಾಂಪೂ ಹಾಕಿ ನೊರೆ ಎಬ್ಬಿಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸುವುದು. ಹಿಂದೆಯೇ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ, ಒಂದು ಗಂಟೆ ಫ್ಯಾನು. ಶಾಂಪೂ ಮಕ್ಕಳದ್ದಾಗಿರಲಿ, ಲೇಬಲ್ಲಿನಲ್ಲಿ ಪಿಎಚ್ 5.5 ಎಂದಿದ್ದರೆ ಉತ್ತಮ. ಹದ ಮಾಡಿದ ಚರ್ಮ ಆಮ್ಲೀಯ, ಅದರ ಪಿಎಚ್ 4ರ ಆಸುಪಾಸು. ಬಟ್ಟೆ ಸೋಪಿನದು 9ರಿಂದ 10. ಕೊಳೆ ಬೇಗ ಹೋಯಿತೆಂದು ಸೋಪಿನಲ್ಲೇ ಒರೆಸುತ್ತ ಹೋದರೆ ಚರ್ಮ ಗಡುಸಾಗಿ ಬಿರುಕು ಬಿಡುತ್ತದೆ. ಬೋರ್‌ವೆಲ್ ನೀರು ಬೇಡ. ನಲ್ಲಿಯಲ್ಲಿ ಬಿಳಿ ಪೊರೆ ಕಟ್ಟುವ ಉಪ್ಪು ಸೋಫಾದ ಮೇಲೂ ಕಲೆ ಉಳಿಸುತ್ತದೆ. ಕುಡಿಯುವ ಆರ್‌ಒ ನೀರೇ ಸಾಕು.

ವಿಡಿಯೊಗಳಲ್ಲಿ ಹೇಳುವ ಆಲಿವ್ ಎಣ್ಣೆ, ನಿಂಬೆರಸ, ಬಾಳೆಹಣ್ಣಿನ ಸಿಪ್ಪೆ ಅಡುಗೆಮನೆಯಲ್ಲೇ ಇರಲಿ. ಎಣ್ಣೆ ಹಚ್ಚಿದ ದಿನ ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಶೂ ಪಾಲಿಶ್ ಹಚ್ಚಿದರೆ ಬಿಳಿ ಪಂಚೆ ಉಟ್ಟು ಬಂದ ನೆಂಟರು ಎದ್ದು ಹೋಗುವಾಗ ಗೊತ್ತಾಗುತ್ತದೆ. ಸಿಲಿಕೋನ್ ಸ್ಪ್ರೇಯಂತೂ ಬೇಡವೇ ಬೇಡ, ಮುಂದೊಂದು ದಿನ ಬಣ್ಣ ಹಚ್ಚಿಸಬೇಕೆಂದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಸಾರಿನ ಎಣ್ಣೆಯೋ ತುಪ್ಪವೋ ಚೆಲ್ಲಿದರೆ ಉಜ್ಜದೆ ಒತ್ತಿ ತೆಗೆದು, ಮೇಲೆ ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಟ್ಟರೆ ಹೀರಿಕೊಳ್ಳುತ್ತದೆ. ಬಾಲ್‌ಪೆನ್ನಿನ ಗೀಟಿಗೆ ಮೆಡಿಕಲ್ ಸ್ಟೋರಿನ ಸರ್ಜಿಕಲ್ ಸ್ಪಿರಿಟ್ಟನ್ನು ಕಿವಿಕಡ್ಡಿಯಲ್ಲಿ ಅದ್ದಿ, ಗೀಟಿನ ಮೇಲಷ್ಟೇ ಮುಟ್ಟಿಸಬೇಕು. ಮೊದಲು ಮರೆಯ ಮೂಲೆಯಲ್ಲಿ ನೋಡಿಕೊಳ್ಳಿ, ಶಾಯಿಯ ಜೊತೆ ಸೋಫಾದ ಬಣ್ಣವೂ ಎದ್ದು ಬರಬಹುದು.

ಬಾಟಲಿಗೆಂದು ನಾನು ದುಡ್ಡು ಕೊಡುವುದು ಚರ್ಮದ ಕಂಡೀಷನರ್‌ಗೆ ಮಾತ್ರ. ಸೋಫಾ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಜೆ.ಸಿ. ರಸ್ತೆಯ ಕಾರಿನ ಸಾಮಾನಿನ ಅಂಗಡಿಗಳಲ್ಲಿ ಚರ್ಮದ ಸೀಟಿಗೆಂದು ಮಾರುವುದೂ ಅದೇ ಕೆಲಸ ಮಾಡುತ್ತದೆ, ಬೆಲೆ ಅರ್ಧಕ್ಕೂ ಕಡಿಮೆ ಬಿತ್ತು. ಬೆಂಗಳೂರಿನ ಗಾಳಿ ಒಣಗುವ ಫೆಬ್ರುವರಿಯಲ್ಲಿ ತೆಳ್ಳಗೆ ಒಂದು ಸಲ ಹಚ್ಚುತ್ತೇನೆ, ಮಳೆ ನಿಂತ ಮೇಲೆ ಇನ್ನೊಂದು ಸಲ. ಲೇಪನವಿರುವ ಚರ್ಮದೊಳಗೆ ಅದು ಇಳಿಯುವುದೇ ಸ್ವಲ್ಪ, ದಪ್ಪಗೆ ಬಳಿದರೆ ದಂಡ. ಸೋಫಾ ಶುಚಿ ಮಾಡುವ ಕಂಪನಿಯವರಿಗೆ ಒಮ್ಮೆ ಸುಮಾರು 2,000 ರೂಪಾಯಿ ಕೊಟ್ಟು ನೋಡಿದೆ. ನಾನು ಮಾಡುವುದನ್ನೇ ಅವರು ಯೂನಿಫಾರ್ಮ್ ಹಾಕಿಕೊಂಡು ಮಾಡಿದರು. ಹೊಲಿಗೆ ಬಿಟ್ಟರೆ, ಬಣ್ಣ ಹೋದರೆ ಮಾತ್ರ ಕೆಲಸ ಬಲ್ಲವರಿಗೆ ದುಡ್ಡು ಕೊಡುವುದು ಲೇಸು. ಹೊಲಿಗೆ ಬಿಟ್ಟ ವಾರವೇ ಮತ್ತೆ ಹಾಕಿಸಿದರೆ ನೂರಿನ್ನೂರರಲ್ಲಿ ಮುಗಿಯುತ್ತದೆ.

ಮಳೆಗಾಲ ಬೇರೆಯೇ ಕಥೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮಕ್ಕೆ ಬೂಷ್ಟು ಹಿಡಿಯುವುದು ಮಾಮೂಲು. ಸೋಫಾವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು ಗಾಳಿ ಆಡಲು ಬಿಡಬೇಕು. ಹೊಸದರ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ತೆಗೆಯದ ಮನೆಗಳಿವೆ, ಅದರೊಳಗೆ ತೇವ ಕೂತು ಬೂಷ್ಟಿಗೆ ಹಾಸಿಗೆ ಹಾಸಿಕೊಡುತ್ತದೆ. ಬೂಷ್ಟು ಬಂದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್ಷಿನಲ್ಲಿ ಕೊಡವಿ, ಸ್ಪಿರಿಟ್ಟಿಗೆ ಅಷ್ಟೇ ನೀರು ಬೆರೆಸಿ ಹಗುರಾಗಿ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಬೇಕು. ಬಿಸಿಲಿಗೆ ಇಡಬಾರದು, ಬಣ್ಣ ಮಾಸುತ್ತದೆ. ಇಷ್ಟು ಮಾಡಿದರೂ ಮುಂದಿನ ಮಳೆಗೆ ಅದು ಮತ್ತೆ ಬರುತ್ತದೆ.

ಅದಕ್ಕೇ, ಈ ಸಲ ‘ಒರಿಜಿನಲ್’ ಚರ್ಮದ್ದೇ ತಗೊಳ್ಳಲಾ ಎಂದು ತಂಗಿ ಕೇಳಿದಾಗ ಬೇಡ ಎಂದೆ. ನನಗೆ 20,000 ಬಂಡವಾಳ, ಹತ್ತು ವರ್ಷ ಬಂದರೆ ವರ್ಷಕ್ಕೆ 2,000, ಮೇಲೆ 600. ಬೆಂಗಳೂರಿನ ಹವೆಯಲ್ಲಿ ಈ ಲೆಕ್ಕ ಕೂಡಿಬರುತ್ತದೆ. ಅವಳಿಗೆ ಮಂಗಳೂರಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಸೋಫಾದ ಚಾಕರಿಯೇ ಆಗುತ್ತದೆ. ಮೊನ್ನೆ ಫೋನ್ ಮಾಡಿ ಬೆತ್ತದ ಸೋಫಾ ಹೇಳಿದ್ದೇನೆ ಎಂದಳು. “ಬೆತ್ತಕ್ಕೂ ಬೂಷ್ಟು ಬರುತ್ತಲ್ಲೇ” ಎಂದೆ. “ಬರಲಿ ಅಕ್ಕ, ಅದನ್ನ ಒಬ್ಬಳೇ ಎತ್ತಿ ಅಂಗಳಕ್ಕೆ ಇಡಬಹುದು” ಎಂದಳು.